ವಿಡಿಯೊ ತೆಗೆದುಹಾಕಿದರೆ ಕ್ಯಾಮೆರಾ ಅಗ್ಗವಾಗುತ್ತದೆಯೇ?

ನಿಮಗೆ ಬೇಕಿರುವುದು ಫೋಟೊ ಮಾತ್ರ, ಬೇಡದ ವಿಡಿಯೊಗೆ ಏಕೆ ಹಣ ಕೊಡಬೇಕು, ಕಂಪನಿಗಳು ಎರಡಕ್ಕೂ ಬೇರೆ ಬೇರೆ ಕ್ಯಾಮೆರಾ ಮಾಡಬಾರದೇ ಎಂದು ಕೇಳಿದ್ದೀರಿ. ಹಾಸನದ ಸುತ್ತಮುತ್ತ ಹದಿನಾಲ್ಕು ವರ್ಷಗಳಿಂದ ಮದುವೆಗಳನ್ನು ಚಿತ್ರೀಕರಿಸುತ್ತಿದ್ದೇನೆ. ಒಂದೇ ಕ್ಯಾಮೆರಾದಲ್ಲಿ ಎರಡೂ ಇರಲೇಬೇಕು ಎನ್ನುವವನು ನಾನು. ನನ್ನ ತಕರಾರು ಇರುವುದು ಅವೆರಡನ್ನೂ ಜೋಡಿಸಿರುವ ರೀತಿಯ ಮೇಲೆ.

ಬೆಲೆಯ ಲೆಕ್ಕ ನೀವು ಅಂದುಕೊಂಡಂತೆ ಇಲ್ಲ. 2013ರಲ್ಲಿ ನಿಕಾನ್ ವಿಡಿಯೊ ಇಲ್ಲದ ಡಿಎಫ್ ಎಂಬ ಕ್ಯಾಮೆರಾ ತಂದಿತು. ಅಮೆರಿಕದಲ್ಲಿ ಲೆನ್ಸ್ ಇಲ್ಲದೆ ಅದರ ಬಾಡಿಯೊಂದಕ್ಕೇ ಸುಮಾರು 2,750 ಡಾಲರ್. ಅದೇ ವರ್ಷ ಅದೇ ಕಂಪನಿಯಿಂದ ಬಂದ, ವಿಡಿಯೊ ಇರುವ ಡಿ610ಕ್ಕೆ ಸುಮಾರು 2,000 ಡಾಲರ್. ಜರ್ಮನಿಯ ಲೈಕಾ ಕಂಪನಿ 2017ರ ಎಂ10 ಕ್ಯಾಮೆರಾದಲ್ಲಿ ವಿಡಿಯೊ ಕೈಬಿಟ್ಟಿತು, ಅದೂ ಅಗ್ಗವಾಗಲಿಲ್ಲ. ಈಗಿನ ಕ್ಯಾಮೆರಾಗಳಲ್ಲಿ ವಿಡಿಯೊ ತೆಗೆದರೂ ಹಣ ಉಳಿಯದಿರಲು ಕಾರಣ ಸರಳ. ಕನ್ನಡಿ ಇಲ್ಲದ (ಮಿರರ್‌ಲೆಸ್) ಈಗಿನ ಕ್ಯಾಮೆರಾದ ಕಿಂಡಿಯಲ್ಲಿ ನೀವು ಕಣ್ಣಿಟ್ಟು ನೋಡುವುದೇ ವಿಡಿಯೊ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಸೆಕೆಂಡಿಗೆ ಹತ್ತಾರು ಬಾರಿ ಚಿತ್ರವನ್ನು ಓದುತ್ತಲೇ ಇರುತ್ತದೆ, ಓಡಾಡುವ ಮಗುವಿನ ಕಣ್ಣನ್ನು ಫೋಕಸ್ ಹಿಂಬಾಲಿಸುವುದು ಆ ಓದಿನಿಂದಲೇ. ಅದನ್ನು ಕಾರ್ಡಿಗೆ ಬರೆಯದಂತೆ ತಡೆದರೆ ಉಳಿಯುವ ಹಣ ತೀರಾ ಅಲ್ಪ. ಇನ್ನು ಮಾರಾಟದ ಮಾತು: 2010ರಲ್ಲಿ ಜಪಾನಿನ ಕಂಪನಿಗಳು ಮಾರುಕಟ್ಟೆಗೆ ಕಳುಹಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, 2020ರಲ್ಲಿ 90 ಲಕ್ಷವೂ ಇಲ್ಲ. ಇಷ್ಟು ಕುಗ್ಗಿದ ಮಾರುಕಟ್ಟೆಯನ್ನು ಮತ್ತೆ ಎರಡು ಪಾಲು ಮಾಡಿದರೆ ಬೆಲೆ ಏರುವುದು ನಮ್ಮಂಥವರಿಗೇ.

ಈಗ ನನ್ನ ತಕರಾರು. ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಅವಧಿ, ಸೆಕೆಂಡಿನ 1/50 ಭಾಗದಲ್ಲಿ ಇರಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಛತ್ರದ ದೀಪಗಳ ಕೆಳಗೆ ಪಟ್ಟೆಗಳು ಮೂಡದಿರಲೂ ಅದೇ ವೇಗ ಕ್ಷೇಮ. ಆದರೆ ಫೋಟೊದಲ್ಲಿ ಆಡುವ ಕೈಗಳು ಸ್ಪಷ್ಟವಾಗಿ ನಿಲ್ಲಲು ಕನಿಷ್ಠ 1/200 ಬೇಕು. ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ಒಂದು ಮದುವೆಯಲ್ಲಿ ಅಂತರಪಟ ಸರಿಯುವವರೆಗೆ ವಿಡಿಯೊ ಮಾಡಿ, ಸರಿದೊಡನೆ ಫೋಟೊಗೆ ತಿರುಗಿಸಿದೆ. ಆ ಕ್ಯಾಮೆರಾ ಶಟರನ್ನು 1/50ರಲ್ಲೇ ಉಳಿಸಿಕೊಂಡಿತ್ತು, ನಾನು ಗಮನಿಸಲಿಲ್ಲ. ಜೀರಿಗೆ ಬೆಲ್ಲ ಹಾಕಿಕೊಳ್ಳುವ ನಾಲ್ಕು ಕೈಗಳೂ ಮಸುಕಾದವು. ಆಲ್ಬಮ್ ನೋಡುತ್ತಿದ್ದ ಹುಡುಗಿಯ ತಾಯಿ ಆ ಪುಟದಲ್ಲಿ ಒಂದು ಕ್ಷಣ ತಡೆದು, ಏನೂ ಹೇಳದೆ ಮುಂದಿನ ಪುಟ ತಿರುವಿದರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಧಾರೆಯ ಹೊತ್ತಿಗೆ ವಿಡಿಯೊಗೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸುತ್ತೇನೆ, ಎಷ್ಟೇ ಒಳ್ಳೆಯ ಕ್ಯಾಮೆರಾ ಕೈಯಲ್ಲಿದ್ದರೂ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. 2021ರ ಸೋನಿ ಎ7-4ರಲ್ಲಿ ಫೋಟೊ, ವಿಡಿಯೊಗಳಿಗೆಂದೇ ಪ್ರತ್ಯೇಕ ತಿರುಗುಬಳೆ ಇದೆ, ಎರಡರ ಹೊಂದಿಕೆಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬಹುದು. ಇದು ಅತಿ ಅಗ್ಗದ ಕ್ಯಾಮೆರಾದಲ್ಲೂ ಬರಬೇಕು. ಬಿಸಿಯ ಸಮಸ್ಯೆ ಇನ್ನೊಂದು. ಕ್ಯಾನನ್ ಆರ್5 2020ರಲ್ಲಿ ಬಂದಾಗ 8ಕೆ, ಅಂದರೆ ಅತಿ ಸೂಕ್ಷ್ಮ ವಿವರದ ವಿಡಿಯೊ, ಸುಮಾರು 20 ನಿಮಿಷಕ್ಕೆ ನಿಲ್ಲುತ್ತಿತ್ತು. 2022ರ ಆರ್5 ಸಿಯಲ್ಲಿ ಫ್ಯಾನ್ ಇಟ್ಟರು, ಆದರೆ ಕೈನಡುಕ ತಡೆಯಲು ಸೆನ್ಸರನ್ನೇ ಅಲುಗಿಸುವ ವ್ಯವಸ್ಥೆಯನ್ನು ತೆಗೆದರು. ಒಂದು ಕೊಟ್ಟು ಒಂದು ಕಸಿದುಕೊಳ್ಳುವ ಇಂಥ ಲೆಕ್ಕಾಚಾರವನ್ನೇ ನಾವು ಗ್ರಾಹಕರು ಪ್ರಶ್ನಿಸಬೇಕು.

ನೀವು ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಮ್ಮೆ ಪರೀಕ್ಷಿಸಿ: ಫೋಟೊದಲ್ಲಿ ಶಟರ್ 1/250 ಇಟ್ಟು, ವಿಡಿಯೊಗೆ ಹೋಗಿ 1/50 ಮಾಡಿ, ಮತ್ತೆ ಫೋಟೊಗೆ ಬನ್ನಿ. 1/250 ಹಾಗೆಯೇ ಇದ್ದರೆ ತೆಗೆದುಕೊಳ್ಳಿ. ನಿಮಗೆ ವಿಡಿಯೊ ಬೇಡವಾದ್ದರಿಂದ, ಅದನ್ನು ಶುರುಮಾಡುವ ಕೆಂಪು ಗುಂಡಿಗೆ ಮೆನುವಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಬದಲಿಸುವ ಕೆಲಸ ವಹಿಸಿಬಿಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದಕ್ಕೆ ಅವಕಾಶವಿದೆ.