ಮೆಕ್ಕೆಜೋಳ ಮಾರುಕಟ್ಟೆಗೆ ಸಾಗಿಸುವಾಗ ಲಾರಿ ಬಾಡಿಗೆ ಲೆಕ್ಕ ಹಾಕುವುದು ಹೇಗೆ?

ಟ್ರಿಪ್ಪಿಗೆ ಎಷ್ಟು ಎನ್ನುವುದಕ್ಕಿಂತ ಕ್ವಿಂಟಲ್‌ಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಆರು ಚಕ್ರದ ಲಾರಿಗೆ 8,000 ರೂಪಾಯಿಗೆ ಮಾತಾಯಿತು ಎನ್ನಿ. 100 ಕ್ವಿಂಟಲ್ ಹೇರಿದರೆ ಕ್ವಿಂಟಲ್‌ಗೆ 80 ರೂಪಾಯಿ. 70 ಕ್ವಿಂಟಲ್ ಮಾತ್ರ ಇದ್ದರೆ 114. ಮಾಲು ಕಡಿಮೆಯಿದ್ದರೆ ಪಕ್ಕದ ಹೊಲದವರ ಜೊತೆ ಸೇರಿ ತುಂಬಿಸಿ, ಚೀಲಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕಿ.

ಹಸಿ ಕಾಳು ಹೇರುವುದೇ ದೊಡ್ಡ ನಷ್ಟ. ಶೇ. 20 ತೇವಾಂಶದ 100 ಕ್ವಿಂಟಲ್ ಮೆಕ್ಕೆಜೋಳ ಶೇ. 14ಕ್ಕೆ ಒಣಗಿದರೆ ಸುಮಾರು 93 ಕ್ವಿಂಟಲ್ ಆಗುತ್ತದೆ. ಒಣಗಿಸದೆ ಕಳಿಸಿದರೆ 7 ಕ್ವಿಂಟಲ್ ನೀರಿಗೆ 560 ರೂಪಾಯಿ ಬಾಡಿಗೆ ಕೊಟ್ಟಂತೆ. ಅದರ ಮೇಲೆ ತೇವದ ಹೆಸರಲ್ಲಿ ವ್ಯಾಪಾರಿ ದರವನ್ನೂ ಇಳಿಸುತ್ತಾನೆ. ಎರಡು ಬಿಸಿಲು ಕಾದರೂ ಪರವಾಗಿಲ್ಲ, ಒಣಗಿಸಿಯೇ ಹೇರಿ.

ಉಳಿತಾಯಕ್ಕೆಂದು ಓವರ್‌ಲೋಡ್ ಬೇಡ: 2019ರ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000. ಲಾರಿಯ ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ತೂಕ ನೋಡಿಯೇ ಹೇರಿ.

ಹಮಾಲಿ, ವೇಬ್ರಿಡ್ಜ್ ಚೀಟಿ, ತಾಡಪಾಲು, ಮಾರುಕಟ್ಟೆಯಲ್ಲಿ ಸರದಿ ತಡವಾದರೆ ಹಾಲ್ಟಿಂಗ್ ದುಡ್ಡು ಯಾರದು ಎಂಬುದನ್ನು ಮೊದಲೇ ಮಾತಾಡಿ. ಜಗಳ ಬರುವುದು ಹೆಚ್ಚಾಗಿ ಹಾಲ್ಟಿಂಗ್‌ಗೇ. ವಾಪಸ್ ಲೋಡ್ (ಮರಳುವಾಗ ಹೇರುವ ಮಾಲು) ಗೊತ್ತಾಗಿರುವ ಲಾರಿ ಸಿಕ್ಕರೆ ಚೌಕಾಸಿಗೆ ಜಾಗವಿರುತ್ತದೆ.