ಅಪ್ಪನ ಸೈಟು, ಮಗನ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಮೆರಿಕದ ಓಹಾಯೋದಿಂದ ಆಪ್ತಸಮಾಲೋಚನೆಗೆ ವಿಡಿಯೊ ಕಾಲ್‌ನಲ್ಲಿ ಬಂದ ಗಂಡ ಹೆಂಡತಿ. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಹಳ್ಳಿಗಾಡಿನ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಎಂಟು ವರ್ಷದಿಂದ ಬಾಡಿಗೆಗಿದ್ದಾರೆ. ಆಕೆ ನೋಡಿದ ಎರಡು ಮನೆಗಳನ್ನು ಗಂಡ ಮೊದಲು ಒಪ್ಪಿ, ಸಹಿ ಹಾಕುವ ಹೊತ್ತಿಗೆ ಬೇಡ ಅಂದಿದ್ದರು. ಈಗ ಮೂರನೆಯದು.

"ಇವರಿಗೆ ನನ್ನ ಮೇಲೇ ನಂಬಿಕೆ ಇಲ್ಲ ಮೇಡಂ."

"ಡೌನ್ ಪೇಮೆಂಟೇ ಬೇಡ ಅಂತಾರೆ. ಸುಮ್ನೆ ಯಾರು ಮನೆ ಕೊಡ್ತಾರೆ?" ಇದು ಗಂಡನ ಮಾತು.

ಸುಮ್ನೆ ಅಲ್ಲ. ಹಳ್ಳಿ, ಸಣ್ಣ ಊರುಗಳಲ್ಲಿ ಮನೆ ಕೊಳ್ಳುವವರ ಸಾಲಕ್ಕೆ ಅಲ್ಲಿನ ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ, ಬ್ಯಾಂಕಿಗೆ ಖಾತರಿ ನಿಲ್ಲುತ್ತದೆ. ಅದಕ್ಕೇ ಡೌನ್ ಪೇಮೆಂಟ್ ಇಲ್ಲದೆ ಸಾಲ ಸಿಗುತ್ತದೆ. ಆದಾಯಕ್ಕೆ ಮಿತಿ ಇದೆ. 30 ವರ್ಷ ಬಡ್ಡಿ ದರ ಬದಲಾಗುವುದಿಲ್ಲ. ಖಾತರಿ ಶುಲ್ಕ ಮೊದಲಿಗೆ ಸಾಲದ 1%, ಆಮೇಲೆ ವರ್ಷಕ್ಕೆ ಉಳಿದ ಸಾಲದ 0.35%. ಇದೆಲ್ಲ ಆತನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು! ಹಾಗಾದರೆ ಅಳುಕು ಎಲ್ಲಿಯದು?

ಎರಡನೇ ಭೇಟಿಯಲ್ಲಿ ಗಂಡನ ಅಪ್ಪನ ಮಾತು ಬಂತು. ತುಮಕೂರಿನ ಹತ್ತಿರ ಉಳಿತಾಯವೆಲ್ಲ ಸುರಿದು ಕೊಂಡಿದ್ದ ಸೈಟು. ಅದನ್ನೇ ಇನ್ನೊಬ್ಬರಿಗೂ ಮಾರಿದ್ದರು. ಖಾತೆ ಆಗಲೇ ಇಲ್ಲ. ಅಪ್ಪ ಕೊನೆವರೆಗೂ ಕೋರ್ಟಿಗೆ ಅಲೆದರು. ಹೆಂಡತಿ ಈ ಕಥೆ ಕೇಳಿದ್ದು ಅವತ್ತೇ ಮೊದಲು.

"ಭಯಪಡಬೇಡಿ" ಅಂತ ನಾನು ಹೇಳಲಿಲ್ಲ. ಭಯಕ್ಕೆ ಕಾರಣ ಇತ್ತಲ್ವಾ? ಅದನ್ನು ಪ್ರಶ್ನೆಗಳಾಗಿ ಬರೆಯಿರಿ, ಒಂದೊಂದಕ್ಕೂ ಉತ್ತರ ತನ್ನಿ ಅಂದೆ. ಹಕ್ಕುಪತ್ರ ಸರಿ ಇದೆಯಾ? ಅದಕ್ಕೆ ಟೈಟಲ್ ಇನ್ಶೂರೆನ್ಸ್ ಇದೆ, ಅಂದರೆ ಹಕ್ಕಿನಲ್ಲಿ ದೋಷ ಕಂಡರೆ ನಷ್ಟ ತುಂಬುವ ವಿಮೆ. ಆದರೆ ಬ್ಯಾಂಕಿನ ಪಾಲಿಸಿ ಬ್ಯಾಂಕಿಗಷ್ಟೇ. ಮಾಲೀಕರ ಪಾಲಿಸಿಯನ್ನು ಬೇರೆ ಕೊಳ್ಳಬೇಕು. ಬಾವಿ ನೀರನ್ನು ಪರೀಕ್ಷೆಗೆ ಕೊಡಬೇಕು. ಸೆಪ್ಟಿಕ್ ಟ್ಯಾಂಕ್ ತೆರೆಸಿ ನೋಡಬೇಕು. ತಪಾಸಣೆಯಲ್ಲಿ ದೋಷ ಕಂಡರೆ ಹಿಂದೆ ಸರಿಯುವ ಷರತ್ತು ಒಪ್ಪಂದದಲ್ಲೇ ಇರಲಿ. ಡೌನ್ ಪೇಮೆಂಟ್ ಇಲ್ಲದಿದ್ದರೂ ಕ್ಲೋಸಿಂಗ್ ಖರ್ಚಿಗೆ, ಅಂದರೆ ಖರೀದಿ ಮುಗಿಸುವಾಗಿನ ಶುಲ್ಕಗಳಿಗೆ, ದುಡ್ಡು ಬೇಕು. ಅದರ ಮೇಲೆ ಆರು ತಿಂಗಳ ಕಂತಿನಷ್ಟು ಕೈಯಲ್ಲಿಟ್ಟುಕೊಳ್ಳಿ ಅಂದೆ. ಈ ಕೊನೆಯದು ನನ್ನ ಲೆಕ್ಕ, ಬ್ಯಾಂಕಿನದಲ್ಲ.

ಹೆಂಡತಿಗೂ ಒಂದು ಮಾತು ಹೇಳಿದೆ: ಪ್ರಶ್ನೆ ಕೇಳಿದಾಗಲೆಲ್ಲ "ಅನುಮಾನ" ಅನ್ನಬೇಡಿ.

ಸೆಪ್ಟಿಕ್ ಕೆಟ್ಟಿತ್ತು. ರಿಪೇರಿಗೆ ಮಾಲೀಕರು ಒಪ್ಪಲಿಲ್ಲ. ಆ ಮನೆಯನ್ನು ಈ ಸಲ ಇಬ್ಬರೂ ಸೇರಿಯೇ ಬಿಟ್ಟರು. ಹೋದ ವಾರ ಗಂಡ ನಾಲ್ಕನೇ ಮನೆಯ ಫೋಟೊ ಕಳಿಸಿದ್ದರು. ಜೊತೆಗೆ ಹನ್ನೊಂದು ಪ್ರಶ್ನೆ.