ಊರಿನ ಡಾಕ್ಟರು ಬರೆದ ಬಿಪಿ ಮಾತ್ರೆ ಬೆಂಗಳೂರಲ್ಲಿ ಸಿಗದಿದ್ದರೆ

ಅಪ್ಪನಿಗೆ ಊರಿನ ಡಾಕ್ಟರು ಬರೆದ ಮಾತ್ರೆ ವಿಜಯನಗರದ ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ ಅಂದಿರಲ್ಲ, ಬಹುಶಃ ಇಲ್ಲದ್ದು ಆ ಬ್ರ್ಯಾಂಡ್ ಮಾತ್ರ, ಔಷಧಿ ಅಲ್ಲ. ಸಣ್ಣ ಊರಲ್ಲಿ ಪಕ್ಕದ ಅಂಗಡಿಯಲ್ಲಿ ಸಿಗುವ ಕಂಪನಿಯದ್ದನ್ನೇ ಬರೆಯುವುದುಂಟು.

ಮೊದಲು ಖಾಲಿ ಸ್ಟ್ರಿಪ್ ಹುಡುಕಿ. ಬ್ರ್ಯಾಂಡ್ ಜೊತೆ ಔಷಧಿಯ ಅಸಲಿ ಹೆಸರೂ ಇರುತ್ತದೆ, ಆಮ್ಲೋಡಿಪಿನ್ 5 ಎಂ.ಜಿ. ಅನ್ನುವ ಥರ. ಬ್ರ್ಯಾಂಡ್ ಹೆಸರಿಗೆ ಎಟಿ, ಎಚ್ ಅಂತ ಬಾಲ ಇದ್ದರೆ ಹುಷಾರು, ಸಾಮಾನ್ಯವಾಗಿ ಅದರಲ್ಲಿ ಎರಡು ಔಷಧಿ ಸೇರಿರುತ್ತವೆ. ನಮ್ಮಪ್ಪ ತಿಪಟೂರಿಂದ ತಂದಿದ್ದು ಕತ್ತರಿಸಿದ ಅರ್ಧ ಸ್ಟ್ರಿಪ್. 'ಎಟಿ' ಇದ್ದ ತುದಿಯೇ ಹೋಗಿತ್ತು. ನಾನು ಸುಮ್ನೆ ಆಮ್ಲೋಡಿಪಿನ್ ಒಂದನ್ನೇ ತಂದುಬಿಟ್ಟಿದ್ದೆ!

ಆಮೇಲೆ ಊರಿನ ಡಾಕ್ಟರಿಗೇ ಫೋನ್ ಮಾಡಿ. ಹಿಂದೆ ಯಾವ ಮಾತ್ರೆ ಕೊಟ್ಟು ನಿಲ್ಲಿಸಿದರು, ಯಾವುದಕ್ಕೆ ಕಾಲು ಊದಿತ್ತು, ಇದೆಲ್ಲ ಅವರ ತಲೆಯಲ್ಲಿರುತ್ತದೆ, ಚೀಟಿಯಲ್ಲಿ ಇರಲ್ಲ. ಬರೆದಿಟ್ಟುಕೊಳ್ಳಿ.

ಆ ಹಾಳೆ, ಸ್ಟ್ರಿಪ್ ಎರಡನ್ನೂ ಹಿಡಿದು ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್‌'ಗೆ ಅಪ್ಪನನ್ನು ಕರೆದುಕೊಂಡು ಹೋಗಿ. ಬಿಪಿ ಪುಕ್ಕಟೆ ನೋಡುತ್ತಾರೆ. ಔಷಧಿಯ ಅಸಲಿ ಹೆಸರಲ್ಲೇ ಹೊಸ ಚೀಟಿ ಬರೆಸಿಕೊಳ್ಳಿ, ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗಬಹುದು.

ನಿಮ್ಮ ಸ್ಟ್ರಿಪ್ ನೋಡದೆ ಬದಲಿ ಯಾವುದು ಅಂತ ನಾನು ಹೇಳಲಾರೆ. ಆದರೆ ಮಾತ್ರೆ ತಪ್ಪಿಸಬೇಡಿ. ಅದರಲ್ಲಿ ಅಟೆನೊಲಾಲ್ ('ಎಟಿ' ಬಾಲದ ಮಾತ್ರೆಯಲ್ಲಿ ಆಮ್ಲೋಡಿಪಿನ್ ಜೊತೆ ಇರುವ ಎರಡನೇ ಔಷಧಿ) ಇದ್ದು, ದಿಢೀರ್ ನಿಲ್ಲಿಸಿದರೆ ಹೃದಯಕ್ಕೇ ತೊಂದರೆ ಆಗಬಹುದು. ಎರಡೇ ದಿನದ್ದು ಉಳಿದಿದ್ದರೆ ಫೋನ್ ಇವತ್ತೇ ಮಾಡಿ.